ಮೂರು ಸಾವಿರ ವಿಕೆಟ್, ಒಂದು ಟೆಸ್ಟ್

ಪ್ರಥಮ ದರ್ಜೆಯ ಕ್ರಿಕೆಟ್ಟಿನಲ್ಲಿ ಅತಿ ಹೆಚ್ಚು ವಿಕೆಟ್ ಪಡೆದವರ ಪಟ್ಟಿಯಲ್ಲಿ ಮೊದಲ ಮೂರು ಹೆಸರುಗಳು ವಿಲ್‌ಫ್ರೆಡ್ ರೋಡ್ಸ್, ಟಿಚ್ ಫ್ರೀಮನ್, ಚಾರ್ಲಿ ಪಾರ್ಕರ್. ಮೂವರೂ ಇಂಗ್ಲೆಂಡಿನ ಕೌಂಟಿ ಬೌಲರುಗಳು. ಯಾರ್ಕ್‌ಷೈರಿನ ರೋಡ್ಸ್ 58 ಟೆಸ್ಟ್ ಪಂದ್ಯಗಳನ್ನಾಡಿದ. ಕೆಂಟಿನ ಫ್ರೀಮನ್ 12 ಆಡಿದ. ಗ್ಲಾಸ್ಟರ್‌ಷೈರಿನ ಪಾರ್ಕರ್ 3278 ವಿಕೆಟ್‌ಗಳನ್ನು ಪಡೆದೂ ಆಡಿದ್ದು ಒಂದೇ ಒಂದು. ರಾಜಾಶ್ರಯದ ಚರಿತ್ರೆಯನ್ನು ಓದಿಕೊಂಡವರಿಗೆ ಈ ಬಗೆಯ ಲೆಕ್ಕ ಹೊಸದೇನಲ್ಲ. ಕೃತಿಯನ್ನು ಬರೆದಿಡುವ ಕೈ ಬೇರೆ, ಕಡಗ ತೊಡಿಸುವ ಕೈ ಬೇರೆ. ಪಾರ್ಕರನ ಬಾಳಿನಲ್ಲಿ ಈ ಎರಡು ಕೈಗಳ ನಡುವಣ ಅಂತರವನ್ನು ಅಂಕಿಗಳಲ್ಲಿಯೇ ಅಳೆಯಬಹುದು.

ಪಾರ್ಕರ್ ಹುಟ್ಟಿದ್ದು 1882ರಲ್ಲಿ, ಗ್ಲಾಸ್ಟರ್‌ಷೈರಿನ ಪ್ರೆಸ್ಟ್‌ಬರಿಯಲ್ಲಿ. 1903ರಲ್ಲಿ ಕೌಂಟಿಯ ಪರ ಮೊದಲ ಬಾರಿ ಕಣಕ್ಕಿಳಿದರೂ ತಂಡದಲ್ಲಿ ನೆಲೆಯೂರಿದ್ದು ನಾಲ್ಕು ವರ್ಷಗಳ ಬಳಿಕ. ಆಗ ಆತ ಎಡಗೈಯ ಮಧ್ಯಮ ವೇಗದ ಬೌಲರ್. ನಿಧಾನಗತಿಯ ಎಡಗೈ ಸ್ಪಿನ್ನಿನ ಪೀಠ ಖಾಲಿಯಿರಲಿಲ್ಲ. ಅದರಲ್ಲಿ ಜಾರ್ಜ್ ಡೆನೆಟ್ ಕುಳಿತಿದ್ದ. ಎರಡು ಸಾವಿರಕ್ಕೂ ಮಿಕ್ಕಿ ವಿಕೆಟ್ ಪಡೆದ ಡೆನೆಟ್‌ಗೆ ಒಂದು ಟೆಸ್ಟ್ ಕೂಡ ದಕ್ಕಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಮೊದಲ ಮಹಾಯುದ್ಧ ಮುಗಿದಾಗ ಡೆನೆಟ್ ವಯಸ್ಸಿನ ಇಳಿಜಾರಿನಲ್ಲಿದ್ದ. ಪಾರ್ಕರ್ ವೇಗವನ್ನು ತಗ್ಗಿಸಿ ಬೆರಳಿನ ತಿರುವಿಗೆ ಮನಸ್ಸು ಕೊಟ್ಟ. ಅಷ್ಟರಲ್ಲಿ ಆತನಿಗೂ ಮೂವತ್ತೇಳು ದಾಟುತ್ತಿತ್ತು. ಬಹುಪಾಲು ಬೌಲರುಗಳು ಬೂಟು ಕಳಚಿಡುವ ಆ ವಯಸ್ಸಿನಲ್ಲಿ ಪಾರ್ಕರನ ನಿಜವಾದ ವೃತ್ತಿಜೀವನ ಆರಂಭವಾಯಿತು. 1920ರಿಂದ 1935ರವರೆಗೆ, ಹದಿನಾರು ಋತುಗಳಲ್ಲಿ ಒಂದನ್ನೂ ಬಿಡದೆ, ಆತ ನೂರಕ್ಕೂ ಹೆಚ್ಚು ವಿಕೆಟ್ ಪಡೆದ. ಐದು ಋತುಗಳಲ್ಲಿ ಇನ್ನೂರು ಮೀರಿತು.

ಆ ಕಾಲದ ಪಿಚ್‌ಗಳ ಸ್ವಭಾವವನ್ನು ತಿಳಿಯದೆ ಈ ಅಂಕಿಗಳು ಅರ್ಥವಾಗುವುದಿಲ್ಲ. ಇಂದಿನಂತೆ ಮಳೆಗೆ ಹೊದಿಕೆ ಹಾಸುವ ಪದ್ಧತಿ ಆಗ ಇರಲಿಲ್ಲ. ರಾತ್ರಿ ಸುರಿದ ಮಳೆಯಲ್ಲಿ ನೆನೆದ ನೆಲ ಮರುದಿನದ ಬಿಸಿಲಿಗೆ ಮೇಲ್ಪದರದಲ್ಲಿ ಆರುತ್ತ ಬಂದಾಗ ಚೆಂಡು ಅಲ್ಲಿ ಕಚ್ಚಿ, ತಿರುಗಿ, ಅನಿರೀಕ್ಷಿತವಾಗಿ ಪುಟಿಯುತ್ತಿತ್ತು. ಬಲಗೈ ದಾಂಡಿಗನ ಕಾಲ ಬದಿಯಿಂದ ಹೊರಕ್ಕೆ ತಿರುಗುವ ಎಡಗೈ ಸ್ಪಿನ್ನಿಗೆ ಇಂಥ ನೆಲ ವರದಾನ. ದಾಂಡಿನ ಅಂಚು ಸವರಿ ಹೋದ ಚೆಂಡಿಗೆ ಸ್ಲಿಪ್ಪಿನಲ್ಲಿ ವಾಲಿ ಹ್ಯಾಮಂಡ್ ಕಾದಿರುತ್ತಿದ್ದ. 1928ರ ಋತುವೊಂದರಲ್ಲಿಯೇ ಹ್ಯಾಮಂಡ್ ಹಿಡಿದ 78 ಕ್ಯಾಚುಗಳಲ್ಲಿ ಪಾರ್ಕರನ ಎಸೆತಗಳಿಂದ ಬಂದವು ಹಲವು. ಆದರೆ ನೆಲ ಎಲ್ಲ ಬೌಲರುಗಳಿಗೂ ಒಂದೇ. ಅದರ ಉಪಯೋಗವನ್ನು ಹದಿನಾರು ವರ್ಷ ಎಡೆಬಿಡದೆ ಪಡೆದವರು ಎಷ್ಟು ಮಂದಿ?

1922ರಲ್ಲಿ ಬ್ರಿಸ್ಟಲ್‌ನಲ್ಲಿ ನಡೆದ ಪಂದ್ಯದ ಪ್ರತಿಸ್ಪರ್ಧಿ ಯಾರ್ಕ್‌ಷೈರ್. ಅದು ಪಾರ್ಕರನ ಸಹಾಯಾರ್ಥ ಪಂದ್ಯ. ಎಂದರೆ, ವರ್ಷಗಟ್ಟಲೆ ದುಡಿದ ವೃತ್ತಿಪರ ಆಟಗಾರನಿಗೆ ಆದಾಯವನ್ನು ಬಿಟ್ಟುಕೊಡುವ ಪಂದ್ಯ. ನಿವೃತ್ತಿವೇತನವಿಲ್ಲದ ಆ ಜನಕ್ಕೆ ಮುಪ್ಪಿನ ಗಂಟು ಅದೊಂದೇ. ಆ ದಿನ ಪಾರ್ಕರ್ ಎಸೆದ ಸತತ ಐದು ಚೆಂಡುಗಳು ಗೂಟಕ್ಕೆ ಬಡಿದವು. ಎರಡನೆಯದು ನೋಬಾಲ್ ಆದುದರಿಂದ ಲೆಕ್ಕಕ್ಕೆ ಬರಲಿಲ್ಲ. ಉಳಿದ ಮೂರು ಸೇರಿ ಹ್ಯಾಟ್ರಿಕ್ ಆಯಿತು. ಇನಿಂಗ್ಸ್‌ನಲ್ಲಿ 36 ರನ್ನಿಗೆ 9 ವಿಕೆಟ್. ಎರಡು ವರ್ಷಗಳ ಬಳಿಕ ಅದೇ ಊರಿನಲ್ಲಿ ಮಿಡ್ಲ್‌ಸೆಕ್ಸ್ ಎದುರು ಗ್ಲಾಸ್ಟರ್‌ಷೈರ್ 31 ರನ್ನಿಗೆ ಕುಸಿದಿತ್ತು. ಪಾರ್ಕರ್ ಎರಡೂ ಇನಿಂಗ್ಸ್‌ಗಳಲ್ಲಿ ಒಂದೊಂದು ಹ್ಯಾಟ್ರಿಕ್ ಪಡೆದ, ಹ್ಯಾಮಂಡ್ ಔಟಾಗದೆ 174 ರನ್ ಹೊಡೆದ. ಸೋಲಬೇಕಾಗಿದ್ದ ತಂಡ 61 ರನ್ನುಗಳಿಂದ ಗೆದ್ದಿತು.

ಆ ಒಂಟಿ ಟೆಸ್ಟ್ 1921ರ ಜುಲೈ ತಿಂಗಳದು. ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡ್‌ನಲ್ಲಿ ಆಸ್ಟ್ರೇಲಿಯದ ಎದುರು. ಮೊದಲ ದಿನ ಮಳೆಗೆ ಆಹುತಿಯಾಯಿತು. ಎರಡನೆಯ ದಿನ ಇಂಗ್ಲೆಂಡ್ ನಾಯಕ ಟೆನಿಸನ್ ನಿಯಮವನ್ನು ಮರೆತು ಇನಿಂಗ್ಸ್ ಮುಗಿಸಲು ಹೋದದ್ದರಿಂದ ಗೊಂದಲವೆದ್ದಿತು. ಪಂದ್ಯ ಡ್ರಾ ಆಯಿತು. ಜನ ನೆನೆಯುವುದು ಆ ಗೊಂದಲವನ್ನು. ಪಾರ್ಕರ್ 28 ಓವರ್ ಎಸೆದು 32 ರನ್ ಕೊಟ್ಟು 2 ವಿಕೆಟ್ ಪಡೆದದ್ದನ್ನು ನೆನೆಯುವವರು ವಿರಳ. ಮೂವತ್ತೆಂಟರ ವಯಸ್ಸಿನಲ್ಲಿ ತೆರೆದ ಬಾಗಿಲು ಆ ಪಂದ್ಯದೊಂದಿಗೆ ಮುಚ್ಚಿತು.

ಮತ್ತೊಮ್ಮೆ ತೆರೆಯುವಂತೆ ಕಂಡದ್ದು 1926ರಲ್ಲಿ. ಆ ಋತುವಿನಲ್ಲಿ ಪಾರ್ಕರನ ವಿಕೆಟ್‌ಗಳು 213. ಲೀಡ್ಸ್‌ನ ಹೆಡಿಂಗ್ಲಿಯಲ್ಲಿ ಆಸ್ಟ್ರೇಲಿಯದೊಡನೆ ಟೆಸ್ಟ್; ಪಾರ್ಕರನನ್ನು ಕರೆಸಲಾಗಿತ್ತು. ಮಳೆಯಿಂದ ನೆಲ ತೇವಗೊಂಡಿತ್ತು. ಅಂಥ ಮುಂಜಾನೆಯಲ್ಲಿ ಪಾರ್ಕರನನ್ನು ಹನ್ನೊಂದು ಮಂದಿಯಿಂದ ಹೊರಗಿಡಲಾಯಿತು! ಟಾಸ್ ಗೆದ್ದ ನಾಯಕ ಆರ್ಥರ್ ಕಾರ್ ಎದುರಾಳಿಗೆ ದಾಂಡು ಕೊಟ್ಟ. ಮೊದಲ ಎಸೆತಕ್ಕೇ ಒಂದು ವಿಕೆಟ್ ಬಿದ್ದಿತು, ನಿಜ. ಆಮೇಲೆ ಬಂದ ಚಾರ್ಲಿ ಮೆಕಾರ್ಟ್ನಿ ಕೊಟ್ಟ ಕ್ಯಾಚನ್ನು ಕಾರ್ ತಾನೇ ಕೈಚೆಲ್ಲಿದ. ಮೆಕಾರ್ಟ್ನಿ ಊಟದ ವಿರಾಮಕ್ಕೆ ಮುನ್ನವೇ ಶತಕ ಮುಗಿಸಿ 151 ರನ್ ಗಳಿಸಿದ. ಆಸ್ಟ್ರೇಲಿಯದ ಮೊತ್ತ 494ಕ್ಕೆ ಏರಿತು. ಆಗ ಆಯ್ಕೆ ಸಮಿತಿಯ ಅಧ್ಯಕ್ಷ ಪೆಲ್ಹಮ್ ವಾರ್ನರ್.

ಹೊರಗಿಟ್ಟುದಕ್ಕೆ ಕಾರಣಗಳನ್ನು ಹುಡುಕಿದರೆ ಸಿಗದೆ ಇರುವುದಿಲ್ಲ. ಪಾರ್ಕರನಿಗೆ ದಾಂಡು ಹಿಡಿದು ಹೆಸರಿಲ್ಲ. ಎಡಗೈ ಸ್ಪಿನ್ನಿಗೆ ಯಾರ್ಕ್‌ಷೈರಿನ ರಾಯ್ ಕಿಲ್ನರ್ ಇದ್ದ, ಸಾಮರ್‌ಸೆಟ್ಟಿನ ಜೆ.ಸಿ. ವೈಟ್ ಇದ್ದ. ವೈಟ್ 1928–29ರಲ್ಲಿ ಆಸ್ಟ್ರೇಲಿಯದ ಗಟ್ಟಿ ನೆಲದಲ್ಲಿ 25 ವಿಕೆಟ್ ಪಡೆದು ಆಯ್ಕೆಯನ್ನು ಸಮರ್ಥಿಸಿದ. ಇವನ್ನು ತಳ್ಳಿಹಾಕುವುದು ನ್ಯಾಯವಲ್ಲ. ಆದರೂ ಎಲ್ಲವನ್ನೂ ಕೂಡಿಸಿದ ಮೇಲೂ ಒಂದು ಶೇಷ ಉಳಿಯುತ್ತದೆ. ವೈಟ್ ಹವ್ಯಾಸಿ, ಪಾರ್ಕರ್ ವೃತ್ತಿಪರ. ಅಂದಿನ ಇಂಗ್ಲಿಷ್ ಕ್ರಿಕೆಟ್ಟಿನಲ್ಲಿ ಇವೆರಡು ಕೇವಲ ಆರ್ಥಿಕ ವರ್ಗಗಳಲ್ಲ, ಬಹುಮಟ್ಟಿಗೆ ಎರಡು ಜಾತಿಗಳು. ಬಟ್ಟೆ ಬದಲಿಸುವ ಕೊಠಡಿ ಬೇರೆ. ಎಷ್ಟೋ ಮೈದಾನಗಳಲ್ಲಿ ಕಣಕ್ಕಿಳಿಯುವ ಬಾಗಿಲೂ ಬೇರೆ. ಮುದ್ರಿತ ಸ್ಕೋರ್‌ಕಾರ್ಡಿನಲ್ಲಿ ಹವ್ಯಾಸಿಯ ಹೆಸರಿನ ಮೊದಲಕ್ಷರಗಳು ಮುಂದೆ, ವೃತ್ತಿಪರನವು ಹಿಂದೆ. ತಂಡವನ್ನು ಆರಿಸುವ ಅಧಿಕಾರ ಹೆಚ್ಚಾಗಿ ಮೊದಲ ವರ್ಗದವರದು. ವೃತ್ತಿಪರನಿಂದ ಅವರು ಬಯಸಿದ್ದು ಪರಿಣತಿಯನ್ನು ಮಾತ್ರವಲ್ಲ, ತಗ್ಗಿದ ದನಿಯನ್ನೂ. ಪಾರ್ಕರನಿಗೆ ಆ ಎರಡನೆಯದು ಕೂಡಿಬರಲಿಲ್ಲ. ಆತನ ಮಾತು ಮೊನಚು, ಸಿಟ್ಟು ಮೂಗಿನ ತುದಿಯಲ್ಲಿ.

ಬ್ರಿಸ್ಟಲ್‌ನ ಹೋಟೆಲೊಂದರ ಲಿಫ್ಟಿನ ಪ್ರಸಂಗವನ್ನು ಸಹ ಆಟಗಾರರು ಮುಪ್ಪಿನವರೆಗೂ ಹೇಳುತ್ತಿದ್ದರಂತೆ. ಪಾರ್ಕರನ ಬಗ್ಗೆ ವಿಸ್ತಾರವಾಗಿ ಬರೆದ ಡೇವಿಡ್ ಫುಟ್ ಅದನ್ನು ದಾಖಲಿಸಿದ್ದಾನೆ. ಔತಣದ ಬಳಿಕ ಲಿಫ್ಟಿನಲ್ಲಿ ವಾರ್ನರ್‌ಗೆ ದಾರಿ ಬಿಡುವಂತೆ ಸೂಚನೆ ಬಂದಾಗ ಪಾರ್ಕರ್ ಆತನ ಕೊರಳಪಟ್ಟಿಯನ್ನು ಹಿಡಿದು, ಲೀಡ್ಸ್‌ನ ಹಳೆಯ ಕಹಿಯನ್ನೆಲ್ಲ ಕಾರಿದನೆಂದು ಕತೆ. ಜೈನಶಾಸ್ತ್ರ ಎಣಿಸುವ ನಾಲ್ಕು ಕಷಾಯಗಳಲ್ಲಿ ಮೊದಲಿನೆರಡು ಕ್ರೋಧ, ಮಾನ. ಆ ಇಕ್ಕಟ್ಟಿನ ಪೆಟ್ಟಿಗೆಯೊಳಗೆ ಅವೆರಡೂ ಒಟ್ಟಿಗೇ ಮೇಲೇರಿರಬೇಕು. ಅದು ಸರಿಯೆಂದು ಯಾರೂ ಹೇಳಲಾರರು. ಆದರೆ ಕ್ರೋಧಕ್ಕೆ ಪಾರ್ಕರ್ ತೆತ್ತ ಬೆಲೆ ಕಣ್ಣಿಗೆ ಕಾಣುತ್ತದೆ. ಎದುರು ಬದಿಯ ಮಾನಕ್ಕೆ ಬೆಲೆ ತೆತ್ತವರ ಲೆಕ್ಕವನ್ನು ಯಾವ ಪುಸ್ತಕವೂ ಇಟ್ಟಿಲ್ಲ.

1930ರ ಆಗಸ್ಟ್ 22ರಂದು ಓವಲ್‌ನಲ್ಲಿ ಇಂಗ್ಲೆಂಡ್ ಇನಿಂಗ್ಸ್ ಸೋಲನ್ನುಂಡು ಆಷಸ್ ಕಳೆದುಕೊಂಡಿತು. ಬ್ರಾಡ್ಮನ್ 232 ರನ್ ಹೊಡೆದಿದ್ದ. ಪಾರ್ಕರ್ ಆ ತಂಡದಲ್ಲಿರಲಿಲ್ಲ. ಮರುದಿನವೇ ಅದೇ ಆಸ್ಟ್ರೇಲಿಯನ್ನರು ಬ್ರಿಸ್ಟಲ್‌ಗೆ ಬಂದರು. ಗ್ಲಾಸ್ಟರ್‌ಷೈರ್ ಮೊದಲ ಸರದಿಯಲ್ಲಿ 72ಕ್ಕೆ ಮುದುಡಿತು. ಎರಡನೆಯದರಲ್ಲಿ ಹ್ಯಾಮಂಡ್‌ನ 89ರ ಬಲದಿಂದ 202 ಗಳಿಸಿತು. ಪ್ರವಾಸಿಗಳಿಗೆ ಬೇಕಿದ್ದುದು 118 ರನ್. ನಲವತ್ತೇಳರ ಪಾರ್ಕರ್ ಬ್ರಾಡ್ಮನ್‌ನ ಗೂಟ ಕೆಡವಿದ, ಆತನ ಮೊತ್ತ ಆಗ 14. ಒಟ್ಟು 54 ರನ್ನಿಗೆ 7 ವಿಕೆಟ್. ಕೊನೆಯ ವಿಕೆಟ್ಟನ್ನು ಟಾಮ್ ಗಾಡರ್ಡ್ ಪಡೆದಾಗ ಆಸ್ಟ್ರೇಲಿಯದ ಮೊತ್ತ 117. ಪಂದ್ಯ ಸರಿಸಮವಾಗಿ ಮುಗಿದಿತ್ತು. ಮುಂದಿನ ವರ್ಷ ಜೂನ್ 12ರೊಳಗೆ ನೂರು ವಿಕೆಟ್ ಪೂರೈಸಿ, ಜೆ.ಟಿ. ಹರ್ನ್ 1896ರಲ್ಲಿ ಸ್ಥಾಪಿಸಿದ್ದ ದಾಖಲೆಯನ್ನು ಪಾರ್ಕರ್ ಸರಿಗಟ್ಟಿದ. ಆಯ್ಕೆಗಾರರು ಆಗಲೂ ಕರೆಯಲಿಲ್ಲ. ಆ ವಯಸ್ಸಿಗೆ ಕರೆಯದಿದ್ದುದನ್ನು ತಪ್ಪೆನ್ನಲೂ ಆಗದು.

1935ರಲ್ಲಿ, ಐವತ್ತೆರಡು ವರ್ಷದ ಆಟಗಾರನಾಗಿ, ಪಾರ್ಕರ್ ಚೆಂಡನ್ನು ಕೆಳಗಿಟ್ಟ. ಕೆಲಕಾಲ ಅಂಪೈರ್ ಆಗಿದ್ದು, ಬಳಿಕ ಸರ್ರೆಯ ಕ್ರಾನ್ಲೆ ಶಾಲೆಯಲ್ಲಿ ಹುಡುಗರಿಗೆ ತರಬೇತಿ ಕೊಟ್ಟ. 1959ರ ಜುಲೈ 11ರಂದು ಅದೇ ಊರಿನಲ್ಲಿ ತೀರಿಕೊಂಡ. ಹವ್ಯಾಸಿ, ವೃತ್ತಿಪರ ಎಂಬ ಭೇದ ಇಂಗ್ಲಿಷ್ ಕ್ರಿಕೆಟ್ಟಿನಿಂದ ಅಳಿದದ್ದು 1963ರ ಋತುವಿನಿಂದ.