ಆರ್.ಟಿ. ನಗರದಲ್ಲಿ ಮುನ್ನೂರು ಹೆಜ್ಜೆಯ ಯಾತ್ರೆ

ಯಾತ್ರೆಯ ಲೇಖನವೆಂದರೆ ದೂರದ ಕ್ಷೇತ್ರವೊಂದರ ವರ್ಣನೆಯನ್ನು ವಾಚಕರು ನಿರೀಕ್ಷಿಸುವುದು ಸಹಜ. ಕೂಡಲಸಂಗಮ, ಬಸವಕಲ್ಯಾಣ, ಉಳವಿ, ಶ್ರೀಶೈಲಗಳ ಕುರಿತು ಬರೆದವರು ಅನೇಕರು, ನಾವೂ ಬರೆದದ್ದುಂಟು. ಯೌವನದಲ್ಲಿ ಯುಗಾದಿಯ ಜಾತ್ರೆಗೆಂದು ಪಾದಯಾತ್ರಿಗಳ ತಂಡದೊಡನೆ ನಲ್ಲಮಲದ ಕಾಡು ದಾಟಿ ಶ್ರೀಶೈಲಕ್ಕೆ ನಡೆದು ಹೋದವರು ನಾವು. ಆದರೆ ಇಂದು ಹೇಳಹೊರಟಿರುವ ಯಾತ್ರೆಯು ಬೆಂಗಳೂರಿನ ಆರ್.ಟಿ. ನಗರದ ಒಂದು ಮನೆಯ ಬಾಗಿಲಿನಿಂದ ಮುನ್ನೂರು ಹೆಜ್ಜೆ ದೂರದ ಕಲ್ಲುಬೆಂಚಿನವರೆಗಿನದು. ಶ್ರೀಶೈಲಕ್ಕೆ ನಮಗೆ ಹಿಡಿದದ್ದು ಕೆಲವೇ ದಿನಗಳು. ಈ ಬೆಂಚಿಗೆ ಹದಿನಾಲ್ಕು ತಿಂಗಳು.

ಬಳ್ಳಾರಿ ರಸ್ತೆಯ ಪೂರ್ವಕ್ಕೆ, ಮೇಖ್ರಿ ವೃತ್ತದಿಂದ ಹೆಬ್ಬಾಳದ ಕಡೆಗೆ ಸಾಗುವಾಗ ಸಿಗುವ ಬಡಾವಣೆ ಇದು. ರವೀಂದ್ರನಾಥ ಟಾಗೋರ್ ನಗರವೆಂಬುದು ಪೂರ್ಣನಾಮವಾದರೂ ಇಲ್ಲಿನ ನಿವಾಸಿಗಳೇ ಅದನ್ನು ಉಚ್ಚರಿಸುವುದು ಅಪರೂಪ. ಬಡಾವಣೆ ಹೊಸದಾದರೂ ಅದರ ಒಡಲಲ್ಲಿ ಹಳೆಯ ಹಳ್ಳಿಗಳ ಹೆಸರುಗಳು ಉಳಿದಿವೆ: ಮಠದಹಳ್ಳಿ, ದಿಣ್ಣೂರು, ಮನೋರಾಯನಪಾಳ್ಯ, ಸುಲ್ತಾನ್‌ಪಾಳ್ಯ, ಕಾವಲ್ ಬೈರಸಂದ್ರ. ಮಠದಲ್ಲಿ ಓದಿ ಬೆಳೆದ ನಮಗೆ ಮಠದಹಳ್ಳಿಯೆಂಬ ಹೆಸರು ಕಿವಿಗೆ ಬಿದ್ದಾಗ ತವರಿಗೆ ಬಂದಂತಾಯಿತು. ಸಿರಿಗೆರೆಯ ತರಳಬಾಳು ಬೃಹನ್ಮಠದ ಕೇಂದ್ರವೂ ಇದೇ ಬಡಾವಣೆಯಲ್ಲಿದೆ. ಮುಂಜಾನೆ ಮಸೀದಿಯ ಬಾಂಗು, ಅದರ ಹಿಂದೆಯೇ ಗುಡಿಯ ಗಂಟೆ, ಬಳಿಕ ಸೊಪ್ಪು ಮಾರುವವಳ ಕೂಗು. ಇವೆಲ್ಲವನ್ನೂ ಮೊದಲ ಒಂದು ವರ್ಷ ನಾವು ಕಂಡದ್ದಿಲ್ಲ. ಹಾಸಿಗೆಯಲ್ಲಿ ಮಲಗಿ ಕೇಳಿದ್ದು ಮಾತ್ರ.

2021ರ ಮೇ ತಿಂಗಳಲ್ಲಿ, ಕೋವಿಡ್ಡಿನ ಎರಡನೆಯ ಅಲೆಯಲ್ಲಿ ನಮಗೂ ಜ್ವರ ಬಂದಿತು. ಹತ್ತು ದಿನಗಳಲ್ಲಿ ಜ್ವರ ಬಿಟ್ಟಿತು, ಬಳಲಿಕೆ ಬಿಡಲಿಲ್ಲ. ತುಮಕೂರಿನಲ್ಲಿ ಒಂಟಿಯಾಗಿದ್ದ ನಮ್ಮನ್ನು ಆಗಸ್ಟಿನಲ್ಲಿ ತಂಗಿ ಬಂದು ತನ್ನ ಮಗನ ಮನೆಗೆ ಕರೆತಂದಳು. ಇದು ದಿನವಿಡೀ ದುಡಿದವನಿಗೆ ಸಂಜೆ ಬರುವ ಆಯಾಸದಂಥದಲ್ಲ. ಆ ಆಯಾಸವನ್ನು ನಿದ್ರೆ ತೊಳೆಯುತ್ತದೆ. ಎಂಟು ಗಂಟೆ ಮಲಗಿದ್ದು ಎದ್ದರೂ ರಾತ್ರಿಯೆಲ್ಲ ಮೂಟೆ ಹೊತ್ತವರಂತೆ ನಾವು ಏಳುತ್ತಿದ್ದೆವು. ನಿಂತರೆ ಎದೆ ಬಡಿದುಕೊಳ್ಳುತ್ತಿತ್ತು, ಕಣ್ಣು ಕತ್ತಲಿಡುತ್ತಿತ್ತು. ನಲವತ್ತು ವರ್ಷ ಪಾಠ ಹೇಳಿದ ನಮಗೆ ಪುಟದ ಕೊನೆಗೆ ಬರುವಷ್ಟರಲ್ಲಿ ಅದರ ಆರಂಭ ಮರೆತಿರುತ್ತಿತ್ತು. ಬಾಲ್ಯದಿಂದ ಕಂಠಸ್ಥವಾಗಿದ್ದ ವಚನಗಳು ನಡುವೆಯೇ ಕಡಿದು ಹೋಗುತ್ತಿದ್ದವು. ಅಂದು ಅತ್ತದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ರಕ್ತಪರೀಕ್ಷೆಗಳೆಲ್ಲ ಸರಿಯಾಗಿದ್ದವು. ವೈದ್ಯರೊಬ್ಬರು, "ಶರೀರಕ್ಕೆ ಜಡ ಹಿಡಿದಿದೆ, ದಿನವೂ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ ನಡೆಯಿರಿ" ಎಂದರು. ಮಠದ ಶಿಸ್ತಿನಲ್ಲಿ ಬೆಳೆದವರಿಗೆ ಇದಕ್ಕಿಂತ ಪ್ರಿಯವಾದ ಔಷಧ ಬೇರೆ ಯಾವುದು? ಹಟ ತೊಟ್ಟು ಗಂಗಾನಗರದವರೆಗೆ ನಡೆದು ಬಂದೆವು. ಅಂದು ಏನೂ ಆಗಲಿಲ್ಲ, ಗೆದ್ದೆವೆಂದುಕೊಂಡೆವು. ಮೂರನೆಯ ದಿನ ನೀರಿನ ಲೋಟ ಎತ್ತುವ ಶಕ್ತಿಯೂ ಇರಲಿಲ್ಲ. ಹದಿನೈದು ದಿನ ಕತ್ತಲೆಯ ಕೋಣೆಯಲ್ಲಿ ಮಲಗಿದೆವು. ಚೇತರಿಸಿಕೊಂಡೊಡನೆ ಮತ್ತೆ ನಡೆದೆವು, ಮತ್ತೆ ಬಿದ್ದೆವು. ಹೀಗೆ ನಾಲ್ಕು ಬಾರಿ. ಪ್ರತಿ ಬಾರಿಯೂ ಎದ್ದ ಸ್ಥಿತಿ ಹಿಂದಿನದಕ್ಕಿಂತ ಕೆಳಗಿತ್ತು.

ಕೊನೆಗೆ ಮತ್ತೊಬ್ಬ ವೈದ್ಯರು ನಮ್ಮ ಮಾತನ್ನು ಪೂರ್ತಿ ಕೇಳಿ ರೋಗಕ್ಕೆ ಹೆಸರಿಟ್ಟರು: ಕ್ರಾನಿಕ್ ಫೆಟೀಗ್ ಸಿಂಡ್ರೋಮ್, ಅಂದರೆ ದೀರ್ಘಕಾಲದ ಬಳಲಿಕೆಯ ಬೇನೆ. ಇದಕ್ಕೆ ಮಯಾಲ್ಜಿಕ್ ಎನ್ಸೆಫಲೋಮಯಲೈಟಿಸ್ ಎಂಬ ಇನ್ನೊಂದು ಹೆಸರೂ ಇದೆ. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಸುಮಾರು 300 ಸಿಬ್ಬಂದಿ ಇಂಥ ಬೇನೆಗೆ ಒಳಗಾದರು. ಮರುವರ್ಷ ಆ ಹೆಸರು ಬಳಕೆಗೆ ಬಂದಿತು. 1970ರಲ್ಲಿ ಇಬ್ಬರು ಮನೋವೈದ್ಯರು, ರೋಗಿಗಳಲ್ಲಿ ಬಹುಪಾಲು ಸ್ತ್ರೀಯರೆಂಬುದನ್ನೂ ಒಂದು ಕಾರಣವಾಗಿಸಿಕೊಂಡು, ಅದು ಸಮೂಹ ಉನ್ಮಾದವೆಂದು ಬರೆದರು. ಆ ಒಂದು ಸಂಶಯ ದಶಕಗಳ ಕಾಲ ರೋಗಿಗಳ ಬೆನ್ನು ಬಿಡಲಿಲ್ಲ. 2015ರಲ್ಲಿ ಅಮೆರಿಕದ ವೈದ್ಯಕೀಯ ಸಂಸ್ಥೆಯ ತಜ್ಞರು ಸಾವಿರಾರು ಲೇಖನಗಳನ್ನು ಪರಿಶೀಲಿಸಿ, ಇದು ಮನಸ್ಸಿನ ಕಲ್ಪನೆಯಲ್ಲ, ಗಂಭೀರವಾದ ಶಾರೀರಿಕ ವ್ಯಾಧಿಯೆಂದು ಸಾರಿದರು. ಆರು ತಿಂಗಳು ಮೀರಿದ ಬಳಲಿಕೆ, ತಣಿಸದ ನಿದ್ರೆ, ಮಂಕುಬುದ್ಧಿ, ನಿಂತರೆ ತಲೆಸುತ್ತು ಇವುಗಳೊಡನೆ ಇದರ ಮುಖ್ಯ ಗುರುತೆಂದರೆ ಶ್ರಮದ ನಂತರದ ಕುಸಿತ. ಅದು ಕೂಡಲೇ ಬಾರದೆ ಒಂದೆರಡು ದಿನ ತಡೆದು ಬರುವುದೂ ಉಂಟು. ಗಂಗಾನಗರದ ನಡಿಗೆಗೆ ಮೂರನೆಯ ದಿನ ಏಕೆ ಬೆಲೆ ತೆತ್ತೆವೆಂಬುದು ಆಗ ತಿಳಿಯಿತು. ದಿನದಿನಕ್ಕೆ ವ್ಯಾಯಾಮ ಹೆಚ್ಚಿಸುವ ಚಿಕಿತ್ಸೆಯನ್ನು ಈ ರೋಗಕ್ಕೆ ಕೊಡಬಾರದೆಂದು ಇಂಗ್ಲೆಂಡಿನ ಆರೋಗ್ಯ ಮಾರ್ಗಸೂಚಿಯೂ 2021ರ ಅಕ್ಟೋಬರಿನಲ್ಲಿ ತಿದ್ದುಪಡಿಯಾಯಿತು.

ಹಾಗಾದರೆ ಔಷಧವೇನು? ರೋಗವನ್ನು ಬೇರುಸಹಿತ ಕೀಳುವ ಔಷಧ ಇನ್ನೂ ಇಲ್ಲ. ನಿದ್ರೆ, ನೋವು, ತಲೆಸುತ್ತುಗಳಿಗೆ ಬೇರೆಬೇರೆ ಉಪಚಾರಗಳಿವೆ. ಮುಖ್ಯವಾದದ್ದು ಶಕ್ತಿಯ ಮಿತವ್ಯಯ. ಇದನ್ನು ವೈದ್ಯರು ವಿವರಿಸಿದಾಗ ನಮಗೆ ನೆನಪಾದವರು ಮಠದ ಉಗ್ರಾಣದ ಹಿರಿಯರು. ವಿದ್ಯಾರ್ಥಿಗಳಾಗಿದ್ದಾಗ ಉಗ್ರಾಣದ ಸೇವೆ ಕೆಲಕಾಲ ನಮ್ಮ ಪಾಲಿಗೆ ಬಂದಿತ್ತು. ಕಣಜ ತುಂಬಿದ ದಿನವೂ ಆ ಹಿರಿಯರು ಅಳೆದೇ ಅಕ್ಕಿ ಕೊಡುತ್ತಿದ್ದರು. ಹಬ್ಬವೆಂದು ಒಂದು ಸೇರು ಹೆಚ್ಚು ಬೇಡಿದರೆ, "ನಾಳೆಯೂ ಮಕ್ಕಳು ಊಟಕ್ಕೆ ಕೂರುತ್ತಾರೆ" ಎಂದಷ್ಟೇ ಹೇಳುತ್ತಿದ್ದರು. ಇಂದು ಹಗುರವೆನಿಸಿದೆಯೆಂದು ಇಂದಿನ ಶಕ್ತಿಯನ್ನೆಲ್ಲ ಸುರಿದರೆ ನಾಳಿನ ಪಂಕ್ತಿ ಉಪವಾಸ. ಈ ರೋಗದ ಚಿಕಿತ್ಸೆಯ ಸಾರ ಇಷ್ಟೇ.

ಆ ಲೆಕ್ಕ ಹಿಡಿದು ಬದುಕನ್ನು ಪುನಃ ಜೋಡಿಸಿದೆವು. ಸ್ನಾನಕ್ಕೆ ಒಂದು ಸ್ಟೂಲು ಬಂದಿತು. ಪದ್ಮಾಸನದ ಲಿಂಗಪೂಜೆ ಗೋಡೆಗೊರಗಿದ ಪೂಜೆಯಾಯಿತು. ಇಷ್ಟಲಿಂಗ ಅಂಗೈಯಲ್ಲಿದ್ದ ಮೇಲೆ ಬೆನ್ನು ಗೋಡೆಯ ಮೇಲಿದ್ದರೆ ಕುಂದೇನು? ಓದು ಹತ್ತು ನಿಮಿಷ, ಆಮೇಲೆ ಕಣ್ಣು ಮುಚ್ಚಿ ಅರ್ಧ ಗಂಟೆ. ಆಯಾಸವಾದ ಮೇಲೆ ಮಲಗುವುದಲ್ಲ, ಆಗುವ ಮುನ್ನವೇ ಮಲಗುವುದು. ಇದು ಹೇಳಲು ಸುಲಭ, ಆಚರಿಸಲು ಶ್ರೀಶೈಲದ ಏರಿಗಿಂತ ಕಠಿಣ.

ಯಾತ್ರೆ ಹೀಗೆ ಆರಂಭವಾಯಿತು. 2022ರ ಯುಗಾದಿಗೆ ಹೊಸ್ತಿಲು ದಾಟಿ ಗೇಟಿನವರೆಗೆ ಬಂದೆವು. ಗೇಟಿನಿಂದ ಮೊದಲ ವಿದ್ಯುತ್ ಕಂಬಕ್ಕೆ ನಲವತ್ತು ಹೆಜ್ಜೆ. ಹಾಗೆಯೇ ಮುಂದೆ ಹೊಂಗೆಯ ಮರ, ಹೂವಿನವಳ ಬುಟ್ಟಿ, ಇಸ್ತ್ರಿಯ ಗಾಡಿ. ಪ್ರತಿ ನಿಲುಗಡೆಯಲ್ಲೂ ವಾರಗಳ ಕಾಲ ತಂಗಿ, ಮೂರನೆಯ ದಿನ ಕುಸಿಯಲಿಲ್ಲವೆಂದು ಖಚಿತವಾದ ಮೇಲಷ್ಟೇ ಮುಂದಿನದು. ಬಡಾವಣೆಯ ಜನರೂ ಈ ಯಾತ್ರೆಯ ಸಹಯಾತ್ರಿಗಳಾದರು. ಇಸ್ತ್ರಿಯವನು ಕೇಳದೆಯೇ ತನ್ನ ಮಣೆಯನ್ನು ಮುಂದಿಡುತ್ತಿದ್ದ. ಆ ವರ್ಷದ ದೀಪಾವಳಿಯಂದು ಉದ್ಯಾನದ ಕಲ್ಲುಬೆಂಚಿಗೆ ತಲಪಿದೆವು.

ಆ ಬೆಂಚಿನ ಮೇಲೆ ಕುಳಿತಾಗ ಬಹುಕಾಲದಿಂದ ಎದೆಯಲ್ಲಿದ್ದ ಒಂದು ಮಾತನ್ನು ತಂಗಿಗೆ ಹೇಳಿದೆವು. 2006ರಲ್ಲಿ ಕರ್ನಾಟಕದಲ್ಲಿ ಚಿಕುನ್‌ಗುನ್ಯ ಲಕ್ಷಾಂತರ ಜನರನ್ನು ಕಾಡಿದ್ದು ವಾಚಕರಿಗೆ ನೆನಪಿರಬಹುದು. ಶಿರಾ ಕಡೆಯ ಹಳ್ಳಿಯಲ್ಲಿದ್ದ ತಂಗಿಗೂ ಅದು ಬಂದಿತ್ತು. ಜ್ವರ ಇಳಿದು ತಿಂಗಳುಗಳಾದರೂ ಅವಳು ಹಗಲಲ್ಲಿ ಮಲಗುತ್ತಾಳೆಂದು ಮನೆಯವರು ದೂರಿದರು. ನಾವು ಹೋಗಿ ಅವಳ ಹಾಸಿಗೆಯ ಪಕ್ಕದಲ್ಲಿ ಕುಳಿತು ಕಾಯಕದ ಮಹಿಮೆಯನ್ನು ಅರ್ಧ ಗಂಟೆ ಉಪನ್ಯಾಸ ಮಾಡಿದೆವು. ಅವಳು ಮರುಮಾತಿಲ್ಲದೆ ಎದ್ದು, ಮುದ್ದೆ ಸಾರು ಮಾಡಿ ನಮಗೆ ಬಡಿಸಿದಳು. ನಾವು ತೃಪ್ತರಾಗಿ ಬಸ್ಸು ಹತ್ತಿದೆವು. ಆಮೇಲೆ ನಾಲ್ಕು ದಿನ ಅವಳು ಹಾಸಿಗೆ ಬಿಟ್ಟೇಳಲಿಲ್ಲವೆಂದು ನಮಗೆ ತಿಳಿದದ್ದು ಹದಿನಾರು ವರ್ಷಗಳ ಬಳಿಕ, ನಾವೇ ಬಿದ್ದಾಗ. ಅವಳದೂ ನಮ್ಮದೂ ಒಂದೇ ರೋಗವೆನ್ನಲಾರೆವು; ಜ್ವರದ ನಂತರದ ಬಳಲಿಕೆಗಳಲ್ಲಿ ಹಲವು ಬಗೆಗಳಿವೆ. ಆದರೆ ಅವಳ ಬಳಲಿಕೆ ನಿಜವಾಗಿತ್ತು, ನಮ್ಮ ತೀರ್ಪು ತಪ್ಪಾಗಿತ್ತು. ಕ್ಷಮೆ ಕೇಳಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗ ನಿನಗೂ ಗೊತ್ತಿರ್ಲಿಲ್ಲ, ನನಗೂ ಗೊತ್ತಿರ್ಲಿಲ್ಲ ಕಣಣ್ಣಯ್ಯ. ಬಿಸಿಲೇರ್ತಾ ಇದೆ, ನಿಧಾನಕ್ಕೆ ಏಳು" ಎಂದಳು.

ಇದು ನಮ್ಮ ಮನೆಯೊಂದರ ಕಥೆಯಲ್ಲ. ನೆರೆಯ ಗೋವೆಯಲ್ಲಿ ಸುಮಾರು 2,500 ಸ್ತ್ರೀಯರನ್ನು ವಿಚಾರಿಸಿ 2005ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ, ನೂರಕ್ಕೆ ಹನ್ನೆರಡು ಮಂದಿ ಆರು ತಿಂಗಳು ಮೀರಿದ ಬಳಲಿಕೆಯನ್ನು ಹೇಳಿಕೊಂಡಿದ್ದರು. ಅವರೆಲ್ಲರಿಗೂ ಈ ರೋಗವೇ ಇತ್ತೆಂದಲ್ಲ. ಬಡತನ, ಮನೋವ್ಯಥೆಗಳ ಪಾಲೂ ಅದರಲ್ಲಿತ್ತು. ಅವರಲ್ಲಿ ಎಷ್ಟು ಮಂದಿಯ ಪಕ್ಕದಲ್ಲಿ ನಮ್ಮಂಥ ಅಣ್ಣಂದಿರು ಕುಳಿತು ಉಪದೇಶ ಮಾಡಿದ್ದರೋ!

ಈ ಬಡಾವಣೆಗೆ ಹೆಸರಾದ ಕವಿಯ ಬದುಕಿನಲ್ಲೂ ಒಂದು ವಿಶ್ರಾಂತಿಯ ಪ್ರಸಂಗವಿದೆ. 1928ರಲ್ಲಿ ಆಕ್ಸ್‌ಫರ್ಡಿನ ಉಪನ್ಯಾಸಗಳಿಗೆಂದು ಹೊರಟಿದ್ದ ರವೀಂದ್ರರು ಅನಾರೋಗ್ಯದಿಂದ ಆ ಪ್ರಯಾಣವನ್ನು ಕೈಬಿಟ್ಟು ಬೆಂಗಳೂರಿಗೆ ಬಂದರು. ಆಗ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಬ್ರಜೇಂದ್ರನಾಥ ಸೀಲರ ಆತಿಥ್ಯದಲ್ಲಿ ಬಾಲಬ್ರೂಯಿಯಲ್ಲಿ ತಂಗಿ, 'ಶೇಷೇರ್ ಕವಿತಾ' ಕಾದಂಬರಿಯನ್ನು ಮುಗಿಸಿದರು. ಬಿಟ್ಟ ಉಪನ್ಯಾಸಗಳನ್ನು 1930ರಲ್ಲಿ ಕೊಟ್ಟರು. ಎರಡು ವರ್ಷ ತಡವಾದುದರಿಂದ ಲೋಕಕ್ಕೇನೂ ನಷ್ಟವಾಗಲಿಲ್ಲ.

2023ರ ಕಾರ್ತಿಕದಲ್ಲಿ, ನಡುವೆ ಎರಡು ಕಡೆ ಕುಳಿತು, ತರಳಬಾಳು ಕೇಂದ್ರದವರೆಗೆ ನಡೆದು ಹೋಗಿ ಬಂದೆವು. ಇಂದು ದಿನಕ್ಕೆ ಒಂದು ಗಂಟೆ ಬರೆಯಬಲ್ಲೆವು. ಈ ಲೇಖನಕ್ಕೆ ಹನ್ನೊಂದು ದಿನ ಹಿಡಿಯಿತು. ಪೂರ್ಣ ಗುಣವಾಗಿದ್ದೇವೆಂದು ಹೇಳುವುದಿಲ್ಲ. ಈ ರೋಗದಲ್ಲಿ ಪೂರ್ಣವಾಗಿ ಗುಣ ಹೊಂದುವ ವಯಸ್ಕರು ಕಡಿಮೆ. ಸುಧಾರಿಸುವವರು ಅದಕ್ಕಿಂತ ಹೆಚ್ಚು.

ಶರಣ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟು. ಮನೆಯಲ್ಲಿ ಯಾರಾದರೂ ಜ್ವರದ ನಂತರ ತಿಂಗಳುಗಟ್ಟಲೆ ಬಳಲುತ್ತಿದ್ದರೆ ಮೊದಲು ವೈದ್ಯರಲ್ಲಿಗೆ ಕರೆದೊಯ್ಯಿರಿ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಕ್ಷಯ, ಖಿನ್ನತೆ ಮೊದಲಾದವು ಇಲ್ಲವೆಂದು ನೋಡಬೇಕು, ಇದ್ದರೆ ಅವಕ್ಕೆ ಔಷಧವಿದೆ. ಪರೀಕ್ಷೆಯ ಕಾಗದದಲ್ಲಿ ಏನೂ ಕಾಣದಿದ್ದರೆ ರೋಗವೇ ಇಲ್ಲವೆಂದು ತೀರ್ಮಾನಿಸಬೇಡಿ. ಬಳಲಿದವರಿಗೆ ಕಾಯಕದ ಉಪದೇಶ ಬೇಡ. ಅವರ ಪಾಲಿನ ಒಂದು ಕೆಲಸವನ್ನು ನಿಮ್ಮ ಕೈಗೆ ತೆಗೆದುಕೊಳ್ಳಿ. ಆ ಹೊತ್ತಿಗೆ ನಿಮ್ಮ ಕಾಯಕ ಅದೇ. ನಮ್ಮ ತಂಗಿ ಮಾಡಿದ್ದು ಅಷ್ಟೇ. ಅದರಿಂದಲೇ ನಾವು ಆ ಬೆಂಚನ್ನು ತಲಪಿದೆವು.