ಎಂಟು ಎಳೆಗಳನ್ನು ಒಮ್ಮೆಗೇ ನೋಡುವ ಪೆಟ್ಟಿಗೆ

ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯು ನೇಕಾರರ ಊರೆಂಬುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಇಲ್ಲಿಯ ಓಣಿಗಳಲ್ಲಿ ನಡೆಯುವಾಗ ಒಂದು ಮನೆಯ ಮಗ್ಗದ ಸಪ್ಪಳವು ಬೆನ್ನ ಹಿಂದೆ ಕುಗ್ಗುವ ಮೊದಲೇ ಮುಂದಿನ ಮನೆಯ ಸಪ್ಪಳವು ಕಿವಿಗೆ ಬೀಳುವುದು. ಇಂಥ ಊರಿನಲ್ಲಿ ಮೂವತ್ತು ವರುಷ ಮಕ್ಕಳಿಗೆ ವಿಜ್ಞಾನವನ್ನು ಕಲಿಸಿ ಈಗ ನಿವೃತ್ತನಾಗಿರುವ ನನಗೆ ಮಗ್ಗದ ಮನೆಯವರು ಕಲಿಸಿದ ಒಂದು ಪಾಠವಿದೆ: ಎಳೆಯೊಂದನ್ನೇ ಹಿಡಿದು ನೋಡಿದರೆ ಬಟ್ಟೆಯು ತಿಳಿಯದು. ನೂಲು ಗಟ್ಟಿಯಾಗಿರಬಹುದು, ಬಣ್ಣವು ಪಕ್ಕಾ ಇರಬಹುದು; ಆದರೂ ಹಾಸಿನ ಎಳೆಯು ಏಳಬೇಕಾದಾಗ ಏಳದಿದ್ದರೆ ಹೂವು ಕೆಡುವುದು. ಈ ಪಾಠವು ವಿದ್ಯುತ್ತಿನ ಯಂತ್ರಗಳಿಗೂ ಅಷ್ಟೇ ಸಲ್ಲುವುದೆಂಬುದನ್ನು ಕಳೆದ ಚಳಿಗಾಲದಲ್ಲಿ ಕಣ್ಣಾರೆ ಕಂಡೆನು. ಆ ಸಂಗತಿಯನ್ನೇ ಇಲ್ಲಿ ಬರೆಯುತ್ತಿರುವೆನು.

ನಮ್ಮ ನೆರೆಮನೆಯ ನೇಕಾರರಲ್ಲಿ ೨೪೦ ಕೊಕ್ಕೆಗಳ ಜಕಾರ್ಡ್ ಮಗ್ಗವೊಂದಿದೆ. ಹಿಂದೆ ಇಂಥ ಮಗ್ಗಕ್ಕೆ ರಂಧ್ರ ಕೊರೆದ ರಟ್ಟಿನ ಪಟ್ಟಿಗಳ ಮಾಲೆಯನ್ನು ಕಟ್ಟುತ್ತಿದ್ದರು. ರಂಧ್ರವಿದ್ದಲ್ಲಿ ಎಳೆಯು ಏಳುವುದು, ಇಲ್ಲದಲ್ಲಿ ಕೆಳಗೇ ಉಳಿಯುವುದು. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರೀ ಜಕಾರ್ಡನು ೧೮೦೪ರ ಸುಮಾರಿಗೆ ಬಳಕೆಗೆ ತಂದ ಯುಕ್ತಿಯಿದು. ೧೮೩೯ರಲ್ಲಿ ಅವನದೇ ಚಿತ್ರವನ್ನು ರೇಷ್ಮೆಯಲ್ಲಿ ನೇಯ್ದಾಗ ಸುಮಾರು ೨೪,೦೦೦ ಪಟ್ಟಿಗಳು ಬೇಕಾದವು. ಆ ಚಿತ್ರದ ಒಂದು ಪ್ರತಿಯನ್ನು ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನು ತನ್ನ ಮನೆಯಲ್ಲಿಟ್ಟುಕೊಂಡಿದ್ದನು. ತಾನು ಕಲ್ಪಿಸಿದ ಲೆಕ್ಕದ ಯಂತ್ರಕ್ಕೂ ಇಂಥ ಪಟ್ಟಿಗಳನ್ನೇ ಬಳಸಬೇಕೆಂದು ಅವನು ಯೋಜಿಸಿದ್ದನು. ಇಂದಿನ ಗಣಕಯಂತ್ರಕ್ಕೂ ನಮ್ಮ ಮಗ್ಗಕ್ಕೂ ಹೀಗೆ ಹಳೆಯ ನಂಟಿದೆ. ಉಂಟು ಅಥವಾ ಇಲ್ಲ, ಏಳು ಅಥವಾ ಇರು: ಎರಡೂ ಕಡೆಗೆ ಇರುವುದು ಈ ಎರಡೇ ಮಾತು.

ನೆರೆಮನೆಯವರ ಮಗ್ಗಕ್ಕೆ ಈಗ ರಟ್ಟಿನ ಮಾಲೆಯಿಲ್ಲ. ಅದರ ಬದಲು ಸಣ್ಣದೊಂದು ಪೆಟ್ಟಿಗೆಯು ಪ್ರತಿಯೊಂದು ಕೊಕ್ಕೆಯ ವಿದ್ಯುತ್ಕಾಂತಕ್ಕೆ ಅಪ್ಪಣೆ ಕಳಿಸುವುದು. ಈ ಪೆಟ್ಟಿಗೆಯೇ ಕೆಟ್ಟಿತು. ಕೆಟ್ಟಿತೆಂದರೆ ಪೂರ್ತಿ ನಿಲ್ಲಲಿಲ್ಲ, ನಿಂತಿದ್ದರೆ ಚೆನ್ನಾಗಿತ್ತು. ಸೆರಗಿನ ಹೂವುಗಳ ಅಂಚು ಕೆಲವು ಕಡೆಗೆ ಗರಗಸದ ಹಲ್ಲಿನಂತೆ ಬರಹತ್ತಿತು. ಒಂದು ಸಾಲು ಸರಿ, ಮುಂದಿನ ಸಾಲು ಒಂದೆಳೆಯಷ್ಟು ಪಕ್ಕಕ್ಕೆ, ಮತ್ತೆರಡು ಸಾಲು ಸರಿ. ಇಂಥ ಸೀರೆಗೆ ಪೂರ್ತಿ ಬೆಲೆಯು ಬಾರದೆಂಬುದನ್ನು ಹೇಳಬೇಕಾಗಿಲ್ಲ. ದುರಸ್ತಿಯವನೊಬ್ಬನು ಬಂದು, ಮೀಟರು ಹಿಡಿದು ನೋಡಿ, ಎಲ್ಲವೂ ಸರಿಯಿದೆಯೆಂದೂ ಪೆಟ್ಟಿಗೆಯನ್ನೇ ಹೊಸದಾಗಿ ತರಿಸಬೇಕೆಂದೂ ಹೇಳಿ ಹೋದನು. ಅದರ ಬೆಲೆಯು ಆ ಮನೆಯ ಕೆಲವು ತಿಂಗಳ ಗಳಿಕೆ. ಹತ್ತನೆಯ ಇಯತ್ತೆಯಲ್ಲಿದ್ದ ಮಗನನ್ನು ಶಾಲೆ ಬಿಡಿಸಿ ಇಚಲಕರಂಜಿಯ ಮಗ್ಗಗಳಿಗೆ ಕೂಲಿಗೆ ಕಳಿಸುವ ಮಾತು ಆ ಮನೆಯಲ್ಲಿ ನಡೆದಿದೆಯೆಂದು ನನ್ನ ಹೆಂಡತಿಯ ಮೂಲಕ ತಿಳಿಯಿತು. ಅಂದೇ ಸಂಜೆ ನಾನು ಹೋಗಿ ಪೆಟ್ಟಿಗೆಯನ್ನು ಕೇಳಿ ತಂದೆನು.

ಪೆಟ್ಟಿಗೆಯು ಕೆಲಸ ಮಾಡುವ ಬಗೆಯನ್ನು ಮೊದಲು ಹೇಳುವೆನು. ೨೪೦ ಕೊಕ್ಕೆಗಳಿಗೆ ೨೪೦ ತಂತಿಗಳನ್ನು ಎಳೆಯುವುದು ಪ್ರಯಾಸದ ಕೆಲಸ. ಆದಕಾರಣ ಸುದ್ದಿಯನ್ನು ಸಾಲಾಗಿ ಸಾಗಿಸುವರು. ಮನೆ ಕಟ್ಟುವಲ್ಲಿ ಆಳುಗಳು ಸಾಲುಗಟ್ಟಿ ನಿಂತು ಇಟ್ಟಿಗೆಗಳನ್ನು ಕೈಯಿಂದ ಕೈಗೆ ದಾಟಿಸುವುದನ್ನು ಎಲ್ಲರೂ ನೋಡಿರುವರು. ಇಲ್ಲಿಯೂ ಹಾಗೆಯೇ. ಅರವತ್ತರವತ್ತು ಕೊಕ್ಕೆಗಳ ನಾಲ್ಕು ಸಾಲು. ಸಾಲಿಗೊಂದು ಸುದ್ದಿಯ ತಂತಿ. ಐದನೆಯ ತಂತಿಯು ತಾಳ ಹಾಕುವುದು. ಒಂದೊಂದು ತಾಳಕ್ಕೆ ಸುದ್ದಿಯು ಒಂದೊಂದು ಮನೆ ಮುಂದೆ ಸರಿಯುವುದು. ಅರವತ್ತು ತಾಳಗಳಾದ ಮೇಲೆ ಇನ್ನೊಂದು ತಂತಿಯಿಂದ ಅಪ್ಪಣೆಯು ಹೊರಡುವುದು: ನಿಮ್ಮ ಕೈಯಲ್ಲಿದ್ದುದನ್ನು ಹಿಡಿದುಕೊಳ್ಳಿರಿ. ಸಾಲಿನ ಪ್ರಾರಂಭವನ್ನು ಸಾರುವ ತಂತಿಯೊಂದು, ಕಾಂತಗಳಿಗೆ ಶಕ್ತಿಯನ್ನು ಬಿಡುವ ತಂತಿಯೊಂದು. ಹೀಗೆ ಒಟ್ಟು ಎಂಟು. ತಾಳದಿಂದ ತಾಳಕ್ಕೆ ಇರುವ ಅಂತರವು ಒಂದು ಸೆಕೆಂಡಿನ ಐವತ್ತು ಸಾವಿರದ ಒಂದು ಪಾಲು ಮಾತ್ರ. ಇಷ್ಟು ವೇಗದ ಆಟವನ್ನು ಮೀಟರಿನ ಮುಳ್ಳು ಹಿಡಿಯಲಾರದು. ಅದು ತೋರಿಸುವುದು ಸರಾಸರಿಯನ್ನಷ್ಟೇ. ದುರಸ್ತಿಯವನಿಗೆ ಎಲ್ಲವೂ ಸರಿಯಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ.

ನನ್ನಲ್ಲಿ ಹಳೆಯದೊಂದು ಆಸಿಲೋಸ್ಕೋಪ್ ಇದೆ. ಪ್ರಯೋಗಶಾಲೆಯೊಂದರ ಹಳೆಯ ಸಾಮಾನುಗಳ ಹರಾಜಿನಲ್ಲಿ ಕೊಂಡುದು. ವಿದ್ಯುತ್ತಿನ ಏರಿಳಿತವನ್ನು ಬೆಳಕಿನ ಗೆರೆಯಾಗಿ ಗಾಜಿನ ಮೇಲೆ ಬರೆಯುವ ಯಂತ್ರವಿದು. ಇದರ ಮೂಲವಾದ ನಳಿಗೆಯನ್ನು ಜರ್ಮನಿಯ ಕಾರ್ಲ್ ಫರ್ಡಿನಂಡ್ ಬ್ರೌನನು ೧೮೯೭ರಲ್ಲಿ ಮಾಡಿದನು. ಆದರೆ ನನ್ನ ಯಂತ್ರವು ಒಂದೇ ಗೆರೆಯದು. ಒಂದು ಸಲಕ್ಕೆ ಒಂದೇ ತಂತಿಯನ್ನು ನೋಡಬಹುದು. ಎಂಟೂ ತಂತಿಗಳನ್ನು ಒಂದಾದ ಮೇಲೊಂದರಂತೆ ನೋಡಿದೆನು. ತಾಳವು ಚೊಕ್ಕಟವಾಗಿತ್ತು, ಸುದ್ದಿಯು ಚೊಕ್ಕಟವಾಗಿತ್ತು, ಅಪ್ಪಣೆಯೂ ತಕ್ಕ ಎತ್ತರಕ್ಕೆ ಏರುತ್ತಿದ್ದಿತು. ಒಂದೊಂದು ಎಳೆಯನ್ನು ಹಿಡಿದು ನೋಡಿದಂತಾಯಿತೇ ಹೊರತು ನೆಯ್ಗೆಯು ಕಾಣಲಿಲ್ಲ.

ಅನೇಕ ತಂತಿಗಳನ್ನು ಒಮ್ಮೆಗೇ ತೋರಿಸುವ ಯಂತ್ರಕ್ಕೆ ಲಾಜಿಕ್ ಅನಲೈಜರ್ ಎಂದು ಹೆಸರು. ಅಮೇರಿಕೆಯ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯವರು ೧೯೭೩ರಲ್ಲಿ ಅಂಥದನ್ನು ಮಾರಾಟಕ್ಕೆ ತಂದರು. ಈಗಂತೂ ಗಣಕಯಂತ್ರಕ್ಕೆ ಜೋಡಿಸುವ ಬೆಂಕಿಪೆಟ್ಟಿಗೆಯಷ್ಟು ಸಣ್ಣವು ಅಗ್ಗವಾಗಿ ದೊರೆಯುವವು. ಆದರೆ ಹಣಿಗೆಯ ಮುಂದೆ ಅರ್ಧ ನೇಯ್ದ ಸೀರೆ ನಿಂತಿರುವಾಗ ಅಂಚೆಯ ದಾರಿ ಕಾಯುವ ಮನಸ್ಸಾಗಲಿಲ್ಲ. ನನ್ನ ಡಬ್ಬಿಗಳಲ್ಲಿ ಬಿಡಿಭಾಗಗಳಿದ್ದವು; ಮಾಡುವ ರೀತಿಯೂ ಹಳೆಯ ಕಾಲದಿಂದ ತಿಳಿದಿರುವಂಥದೇ.

ರೀತಿಯು ಹೀಗಿದೆ. ಎಂಟು ತಂತಿಗಳೂ ಮೊದಲು ೭೪೨೪೪ ಎಂಬ ಐ.ಸಿ.ಯೊಳಗೆ ಹೋಗುವವು, ನೋಡುವ ಸಾಧನದ ಭಾರವು ನೋಡಿಸಿಕೊಳ್ಳುವ ಪೆಟ್ಟಿಗೆಯ ಮೇಲೆ ಬೀಳದಿರಲೆಂದು ಈ ಏರ್ಪಾಡು. ಅಲ್ಲಿಂದ ಅವು ೭೪೧೫೧ ಎಂಬ ಆಯ್ಕೆಗಾರನನ್ನು ಸೇರುವವು. ಇದು ಎಂಟರಲ್ಲಿ ಒಂದನ್ನು ಆರಿಸಿ ಹೊರಗೆ ಬಿಡುವುದು. ಯಾವುದನ್ನು ಬಿಡಬೇಕೆಂಬುದನ್ನು ೭೪೯೩ ಎಂಬ ಎಣಿಕೆಗಾರನು ಮೂರು ತಂತಿಗಳ ಮೂಲಕ ತಿಳಿಸುವನು. ಸಾಲಿನ ಪ್ರಾರಂಭದ ಸಂಕೇತವು ಬಂದೊಡನೆ ಆಸಿಲೋಸ್ಕೋಪು ಎಡದಿಂದ ಗೆರೆ ಎಳೆಯತೊಡಗುವುದು; ಅದೇ ಸಂಕೇತದಿಂದ ಎಣಿಕೆಗಾರನು ಒಂದು ಮೆಟ್ಟಿಲು ಮುಂದೆ ಹೋಗುವನು. ಹೀಗಾಗಿ ಮೊದಲ ಸಲಕ್ಕೆ ಮೊದಲನೆಯ ತಂತಿ, ಎರಡನೆಯ ಸಲಕ್ಕೆ ಎರಡನೆಯದು, ಎಂಟಾದ ಮೇಲೆ ತಿರುಗಿ ಮೊದಲನೆಯದು.

ಎಂಟೂ ಗೆರೆಗಳು ಒಂದರ ಮೇಲೊಂದು ಬಿದ್ದರೆ ಏನೂ ತಿಳಿಯದಷ್ಟೆ. ಅವನ್ನು ಮೆಟ್ಟಿಲು ಮೆಟ್ಟಿಲಾಗಿ ಇಡಬೇಕು. ಅದಕ್ಕೆ ಬೇಕಾದುದು ಹತ್ತು ಸಾವಿರ ಓಮಿನ, ಒಂದೇ ಬೆಲೆಯ ಹದಿನೈದು ರೆಸಿಸ್ಟರುಗಳು. ಎಣಿಕೆಗಾರನ ಹಿರಿಯ ತಂತಿಗೆ ಒಂದು, ನಡುವಿನದಕ್ಕೆ ಎರಡು, ಕಿರಿಯದಕ್ಕೆ ನಾಲ್ಕು, ಆಯ್ಕೆಗಾರನಿಂದ ಬರುವ ಸಂಕೇತಕ್ಕೆ ಎಂಟು; ಹೀಗೆ ಒಂದರ ಹಿಂದೊಂದನ್ನು ಜೋಡಿಸಿ ನಾಲ್ಕು ಸರಗಳ ತುದಿಗಳನ್ನೂ ಒಂದೆಡೆ ಕೂಡಿಸಿ ಆಸಿಲೋಸ್ಕೋಪಿಗೆ ಕೊಟ್ಟರಾಯಿತು. ಐದು ವೋಲ್ಟಿನ ಶಕ್ತಿಯಲ್ಲಿ ಒಂದೊಂದು ಮೆಟ್ಟಿಲು ವೋಲ್ಟಿನ ಮೂರರಲ್ಲಿ ಎರಡು ಪಾಲಿನಷ್ಟಾಗುವುದು. ಸಂಕೇತದ ಏರಿಳಿತವು ಅದರ ಅರ್ಧದಷ್ಟು. ಒಂದರ ಗೆರೆಯು ಇನ್ನೊಂದರ ಗೆರೆಗೆ ತಾಗದು. ಹಳೆಯ ಮೊಬೈಲ್ ಚಾರ್ಜರಿನಿಂದ ಐದು ವೋಲ್ಟು ದೊರೆಯಿತು. ಇಡೀ ರಚನೆಯು ಒಂದು ಸೋಪಿನ ಡಬ್ಬಿಯಲ್ಲಿ ಹಿಡಿಯಿತು.

ಇದಕ್ಕೆ ಮಿತಿಗಳಿವೆ. ಮತ್ತೆ ಮತ್ತೆ ಒಂದೇ ಪ್ರಕಾರ ನಡೆಯುವುದನ್ನು ಮಾತ್ರ ಇದು ತೋರಿಸಬಲ್ಲದು. ಒಮ್ಮೆ ಮಿಂಚಿ ಹೋದುದನ್ನು ನೆನಪಿಟ್ಟುಕೊಳ್ಳಲಾರದು. ಬಹಳ ವೇಗದ ಸಂಕೇತಗಳಿಗೂ ಇದು ಸಲ್ಲದು. ನೆರೆಮನೆಯವರ ಪೆಟ್ಟಿಗೆಯಲ್ಲಿ ಒಂದೇ ಸಾಲನ್ನು ಸೆಕೆಂಡಿಗೆ ಇನ್ನೂರು ಸಲದಂತೆ ಕಳಿಸುತ್ತಿರುವ ಪರೀಕ್ಷೆಯ ಏರ್ಪಾಡಿದ್ದುದು ನಮ್ಮ ಭಾಗ್ಯ.

ಸಿದ್ಧತೆಯೆಲ್ಲ ಮುಗಿದು ಸಂಜೆ ಜೋಡಿಸಿ ನೋಡಿದರೆ ದೋಷವೇ ಕಾಣದು! ಎಂಟು ಗೆರೆಗಳೂ ಅಚ್ಚು ಹೊಯ್ದಂತೆ ನಿಂತವು. ಆಗ ದಾರಿ ತೋರಿಸಿದವರು ನೇಕಾರರ ಮನೆಯಾಕೆ. ಆಕೆ ಕಂಡಿಕೆ ಸುತ್ತುತ್ತ ಮಗ್ಗದ ಬದಿಗೇ ಕೂಡ್ರುವವರು. “ಮಾಸ್ತರ್ರ, ಮುಂಜಾನಿ ಅಷ್ಟ ಹಿಂಗ ಆಗತೈತ್ರಿ. ಬಿಸಲ ಏರಿದ ಮ್ಯಾಲ ಹೂವು ನೆಟ್ಟಗ ಬರ್ತಾವು. ನಾ ಹೇಳಿದ್ರ ದುರಸ್ತಿಯಾಂವ ನಕ್ಕು ಬಿಟ್ಟ,” ಎಂದರು. ನಗುವಂಥ ಮಾತು ಅದರಲ್ಲಿ ಏನೂ ಇರಲಿಲ್ಲ. ತಿಂಗಳುಗಟ್ಟಲೆ ಬಟ್ಟೆಯನ್ನು ನೋಡಿದ ಕಣ್ಣಿನ ಮಾತು ಅದು. ಪೆಟ್ಟಿಗೆಯ ಮುಚ್ಚಳ ತೆಗೆದು ರಾತ್ರಿಯೆಲ್ಲ ಹಿತ್ತಲ ಪಡಸಾಲೆಯಲ್ಲಿಟ್ಟು, ಬೆಳಗಿನ ಐದೂವರೆಗೆ ಎದ್ದು ಜೋಡಿಸಿದೆವು. ನೇಕಾರರೂ ಅವರ ಮಗನೂ ಬಂದಿದ್ದರು. ಗೆರೆಗಳನ್ನು ಹತ್ತರಷ್ಟು ಹಿಗ್ಗಿಸಿ ಸಾಲಿನ ಕೊನೆಯ ಭಾಗವನ್ನು ಪರದೆಗೆ ತಂದಾಗ ಬೆಳಕು ಮಂಕಾದುದರಿಂದ ದೀಪವನ್ನು ಆರಿಸಬೇಕಾಯಿತು.

ಕತ್ತಲೆಯಲ್ಲಿ ಎಂಟು ಹಸಿರು ಗೆರೆಗಳು. ಏಳು ನಿಶ್ಚಲವಾಗಿದ್ದವು, ಅಪ್ಪಣೆಯ ಗೆರೆಯೊಂದು ನಡುಗುತ್ತಿದ್ದಿತು. ಒಮ್ಮೆ ಅರವತ್ತನೆಯ ತಾಳದ ಬಲಕ್ಕೆ, ಒಮ್ಮೆ ಎಡಕ್ಕೆ. ಹುಡುಗನು ಪರದೆಯ ಹತ್ತಿರ ಬಗ್ಗಿ, “ಅಪ್ಪಾ, ಕಡೇ ತಾಳಾ ಬೀಳೂದ್ರಾಗ ಇದು ಅವಸರಾ ಮಾಡಾಕತ್ತೈತಿ,” ಎಂದನು. ನಾನು ವಿವರಿಸುವ ಕೆಲಸವೇ ಉಳಿಯಲಿಲ್ಲ. ಐವತ್ತೊಂಬತ್ತು ತಾಳಕ್ಕೇ ಅಪ್ಪಣೆಯಾದರೆ ಪ್ರತಿಯೊಬ್ಬನ ಕೈಯಲ್ಲಿಯೂ ಪಕ್ಕದವನ ಇಟ್ಟಿಗೆಯೇ ಉಳಿಯುವುದು. ಇಡೀ ಸಾಲು ಒಂದೆಳೆಯಷ್ಟು ಸರಿಯುವುದು. ತಾಳವೂ ಕೆಟ್ಟಿರಲಿಲ್ಲ, ಅಪ್ಪಣೆಯ ಆಕಾರವೂ ಕೆಟ್ಟಿರಲಿಲ್ಲ. ಅವೆರಡರ ನಡುವಿನ ಅಂತರವು ಕೆಟ್ಟಿದ್ದಿತು. ಆ ಅಂತರವನ್ನು ಅಳೆಯುವ ಭಾಗದ ಬಳಿಗೆ ಕಾದ ಸೋಲ್ಡರಿಂಗ್ ಕಡ್ಡಿಯ ತುದಿಯನ್ನು ಮೆಲ್ಲನೆ ತಂದೆನು, ತಾಗಿಸಲಿಲ್ಲ. ಒಂದು ಸಣ್ಣ ಕೆಪ್ಯಾಸಿಟರಿನ ಹತ್ತಿರ ಬಂದಾಗ ನಡುಕವು ನಿಂತು ಗೆರೆಯು ಬಲಕ್ಕೆ ಸರಿದು ನೆಲೆಸಿತು.

ಇಂಥ ಕೆಪ್ಯಾಸಿಟರುಗಳೊಳಗೆ ದ್ರವವಿರುವುದು. ವರುಷಗಳು ಕಳೆದಂತೆ ಅದು ಆರುತ್ತ ಹೋಗಿ ವಿದ್ಯುತ್ತನ್ನು ಹಿಡಿದಿಡುವ ಶಕ್ತಿಯು ಕುಂದುವುದು. ಚಳಿಯಲ್ಲಿ ಮತ್ತಷ್ಟು ಕುಂದುವುದು. ಶಕ್ತಿಯು ಕುಂದಿದರೆ ಕಾಯುವ ಹೊತ್ತೂ ಕಡಿಮೆಯಾಗುವುದು. ಬೆಳಗಿನ ತಪ್ಪು ಮಧ್ಯಾಹ್ನಕ್ಕೆ ಮಾಯವಾಗುತ್ತಿದ್ದುದರ ಗುಟ್ಟು ಇದೇ. ಅದರ ಜಾಗದಲ್ಲಿ ದ್ರವವಿಲ್ಲದ, ಪ್ಲಾಸ್ಟಿಕ್ ಪೊರೆಯ ಕೆಪ್ಯಾಸಿಟರನ್ನು ಬೆಸೆದೆವು. ಅದರ ಬೆಲೆಯು ಒಂದು ಸಲದ ಚಹಕ್ಕಿಂತ ಹೆಚ್ಚಿನದಲ್ಲ. ಮರುದಿನದ ಮುಂಜಾವಿನ ಚಳಿಯಲ್ಲಿ ನೇಯ್ದ ಸೆರಗನ್ನು ಆ ತಾಯಿಯು ತಂದು ತೋರಿಸಿದರು, ಅಂಚಿನಲ್ಲಿ ಹಲ್ಲುಗಳಿರಲಿಲ್ಲ. ಇಚಲಕರಂಜಿಯ ಮಾತು ಮತ್ತೆ ಏಳಲಿಲ್ಲ.

ಮನೆಯಲ್ಲಿ ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ಒಂದು ಎಚ್ಚರಿಕೆಯ ಮಾತು. ಆಸಿಲೋಸ್ಕೋಪಿನ ನೆಲದ ತಂತಿಯು ಸಾಮಾನ್ಯವಾಗಿ ಮನೆಯ ಭೂಮಿಸಂಪರ್ಕಕ್ಕೆ ಕೂಡಿರುವುದು. ಅದನ್ನು ೨೩೦ ವೋಲ್ಟಿನ ಕಡೆಗೆ ಎಂದಿಗೂ ಜೋಡಿಸಬಾರದು. ಟ್ರಾನ್ಸ್‌ಫಾರ್ಮರಿನಿಂದ ಬೇರ್ಪಟ್ಟ ಐದು ವೋಲ್ಟಿನ ಭಾಗದಲ್ಲಿ ಮಾತ್ರ ಕೆಲಸ ಮಾಡಬೇಕು. ಎಂಟು ತಂತಿಗಳಿಗೂ ಎಂಟು ಬಣ್ಣಗಳಿರಲಿ. ಯಾವ ಬಣ್ಣ ಯಾವುದಕ್ಕೆ ಎಂಬುದನ್ನು ಕಾಗದದಲ್ಲಿ ಬರೆದು ಡಬ್ಬಿಯೊಳಗೇ ಇಡುವುದು ಒಳ್ಳೆಯದು.

ನಮ್ಮ ಡಬ್ಬಿಗೆ ಈ ಬಣ್ಣಗಳನ್ನು ಆರಿಸಿ ಕೊಟ್ಟವನು ಆ ಹುಡುಗನೇ. ಹಾಸಿನ ಬಣ್ಣಗಳನ್ನು ಜೋಡಿಸುವ ಮನೆಯವನಾದುದರಿಂದ ಕತ್ತಲೆಯಲ್ಲಿಯೂ ಒಂದಕ್ಕೊಂದು ಬೆರೆಯದಂಥ ಕ್ರಮವನ್ನು ಹಚ್ಚಿರುವನು. ಪರೀಕ್ಷೆಯು ಮುಗಿದ ಮೇಲೆ ಎಂಟನ್ನು ಹದಿನಾರು ಮಾಡೋಣವೆಂದು ಈಗ ದಿನಾಲು ಸಂಜೆ ಬಂದು ಪೀಡಿಸುತ್ತಿರುವನು. ರೆಸಿಸ್ಟರುಗಳ ಲೆಕ್ಕವನ್ನು ನೀನೇ ಮಾಡಿಕೊಂಡು ಬಾ ಎಂದು ಹೇಳಿ ಕಳಿಸಿರುವೆನು.