ಆಸ್ಟನ್ನಿನ ಕರಾಳ ನಾದ

ಬರ್ಮಿಂಗ್‌ಹ್ಯಾಮಿಗೆ ಯಾರೂ ಚೆಲುವನ್ನು ಅರಸಿಕೊಂಡು ಹೋಗುವುದಿಲ್ಲ. ಸಾವಿರ ಕಸುಬುಗಳ ನಗರವೆಂದು ಅದಕ್ಕೆ ಹಳೆಯ ಹೆಸರು. ಗುಂಡಿಯಿಂದ ಮೋಟಾರಿನವರೆಗೆ ಎಲ್ಲವೂ ಅಲ್ಲಿ ತಯಾರಾದವು. ನಾನು ಹೋದದ್ದು ಬ್ರಾಡ್ ಸ್ಟ್ರೀಟಿನಲ್ಲಿ ಕಾಲುವೆಯನ್ನು ದಾಟುವ ಒಂದು ಸೇತುವೆಯನ್ನು ನೋಡಲು. 2019ರಲ್ಲಿ ಅದಕ್ಕೆ ‘ಬ್ಲ್ಯಾಕ್ ಸ್ಯಾಬತ್’ ಎಂಬ ವಾದ್ಯಮೇಳದ ಹೆಸರನ್ನಿಟ್ಟು, ಮೇಳದ ನಾಲ್ವರ ಮುಖಗಳುಳ್ಳ ಆಸನವೊಂದನ್ನು ಅಲ್ಲಿರಿಸಿದರು. ಸೈತಾನನನ್ನೂ ಸಾವನ್ನೂ ಹಾಡಿದವರಿಗೆ ಊರು ಸಲ್ಲಿಸಿದ ಮನ್ನಣೆ! ಗಿರಣಿಯ ಭೋಂಗಾ ಕೇಳಿ ಬೆಳೆದ ಸೋಲಾಪುರದವನಾದ ನನಗೆ, ಈ ಭಯದ ಸಂಗೀತ ಯಂತ್ರಗಳ ಊರಿನಲ್ಲೇ ಏಕೆ ಹುಟ್ಟಿತೆಂಬ ಕುತೂಹಲವಿತ್ತು.

ಅದರ ತವರು ನಗರದ ಉತ್ತರ ಭಾಗದ ಆಸ್ಟನ್. ಇಟ್ಟಿಗೆಯ ಚಿಕ್ಕ ಮನೆಗಳು ಹೆಗಲಿಗೆ ಹೆಗಲು ತಾಗಿಸಿ ನಿಂತಿರುವ ಕೇರಿಗಳು. ಮಹಾಯುದ್ಧದ ಬಾಂಬಿಗೆ ಕುಸಿದ ಮನೆಗಳ ನಡುವೆ ಆಡಿ ಬೆಳೆದ ಶ್ರಮಿಕರ ಮಕ್ಕಳು ಇವರು. ಗಾಯಕ ಆಜಿ ಆಸ್‌ಬರ್ನ್ ಕಸಾಯಿಖಾನೆಯಲ್ಲಿ ದುಡಿದಿದ್ದರು. ಅದಕ್ಕಿಂತ ಮೊದಲು ಕಾರ್ಖಾನೆಯಲ್ಲಿ ಮೋಟಾರು ಹಾರ್ನುಗಳ ಶ್ರುತಿ ಸರಿಪಡಿಸುತ್ತಿದ್ದರು. ಸಂಗೀತಾಭ್ಯಾಸಕ್ಕೆ ಇದಕ್ಕಿಂತ ವಿಚಿತ್ರವಾದ ಪಾಠಶಾಲೆ ಇನ್ನೊಂದಿರಲಾರದು.

ಗಿಟಾರ್ ವಾದಕ ಟೋನಿ ಅಯೋಮಿಯವರ ಕಥೆಯಂತೂ ಎದೆ ನಡುಗಿಸುವಂಥದು. ಹದಿನೇಳರ ವಯಸ್ಸು, ತಗಡಿನ ಕಾರ್ಖಾನೆಯಲ್ಲಿ ಕೆಲಸದ ಕಡೆಯ ದಿನ. ಅಂದು ಯಂತ್ರವು ಬಲಗೈಯ ಎರಡು ಬೆರಳುಗಳ ತುದಿಗಳನ್ನು ಕತ್ತರಿಸಿತು. ಎಡಚರಾದ ಅವರು ತಂತಿ ಒತ್ತುತ್ತಿದ್ದುದು ಅದೇ ಕೈಯಿಂದ. ಸುಟ್ಟ ಕೈಯಿಂದ ನುಡಿಸಿ ಖ್ಯಾತರಾದ ಜಾಂಗೋ ರೈನ್‌ಹಾರ್ಟ್ ಅವರ ಮುದ್ರಿಕೆಯನ್ನು ಕಾರ್ಖಾನೆಯ ಹಿರಿಯರೊಬ್ಬರು ಕೇಳಿಸಿ ಧೈರ್ಯ ತುಂಬಿದರು. ಹುಡುಗ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳ ಟೋಪಿಗಳನ್ನು ಮಾಡಿಕೊಂಡ. ಮೇಲೆ ಚರ್ಮ ಹೊದಿಸಿದ. ತೆಳ್ಳನೆಯ ತಂತಿ ಹೂಡಿದ. 1971ರ ವೇಳೆಗೆ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನೂ ಕೆಳಗಿಳಿಸಿದ್ದಾಯಿತು. ಮುಂದೆ ಲೋಕವೆಲ್ಲ ‘ಹೆವಿ ಮೆಟಲ್’ ಎಂದು ಕರೆದ ಆ ಭಾರದ ನಾದದಲ್ಲಿ ನೋವು ತಪ್ಪಿಸಿಕೊಳ್ಳುವ ಉಪಾಯವೂ ಸೇರಿತ್ತು.

ಹೆಸರು ಬಂದದ್ದು ಬೋರಿಸ್ ಕಾರ್ಲಾಫ್ ನಟಿಸಿದ 1963ರ ಇಟಾಲಿಯನ್ ಭೂತಚಿತ್ರವೊಂದರ ಇಂಗ್ಲಿಷ್ ಶೀರ್ಷಿಕೆಯಿಂದ. ಹೆದರಿಕೊಳ್ಳಲು ಜನ ಹಣ ತೆರುವುದಾದರೆ ಹೆದರಿಸುವ ಸಂಗೀತವೂ ನಡೆದೀತೆಂಬ ಯೋಚನೆ ಅವರದು. ಮೊದಲ ಧ್ವನಿಮುದ್ರಿಕೆ ಹೊರಬಂದದ್ದು 1970ರ ಫೆಬ್ರವರಿ 13, ಶುಕ್ರವಾರ. ಪಾಶ್ಚಾತ್ಯರಿಗೆ ಅಪಶಕುನದ ದಿನ.

ಮಳೆ, ಗುಡುಗು, ಗಂಟೆಯ ಸದ್ದು. ಅನಂತರ ಮೂರೇ ಸ್ವರಗಳು: ಷಡ್ಜ, ತಾರಷಡ್ಜ, ಮರಳಿ ನಡುವಿನ ತೀವ್ರ ಮಧ್ಯಮ. ಈ ಅಂತರವನ್ನು ಯುರೋಪಿನ ಹಳೆಯ ಶಾಸ್ತ್ರಜ್ಞರು ಸಂಗೀತದೊಳಗಿನ ಸೈತಾನನೆಂದರು. (ಚರ್ಚು ಅದನ್ನು ನಿಷೇಧಿಸಿತ್ತೆಂಬುದು ಬರಿಯ ಕಟ್ಟುಕಥೆ.) ನಮ್ಮಲ್ಲಿ ಅದೇ ಸ್ವರ ಯಮನ್ ರಾಗದ ಜೀವಾಳ, ಕಲ್ಯಾಣಿಯಲ್ಲಿ ಅದು ಮಂಗಳಕರ. ಹಾಗಾದರೆ ಭಯವೆಲ್ಲಿಯದು? ಸೇತುವೆಯ ಮೇಲೆ ನಿಂತು ಮನಸ್ಸಿನಲ್ಲೇ ಎರಡನ್ನೂ ಹಾಡಿಕೊಂಡೆ. ಯಮನ್‌ನಲ್ಲಿ ಆ ಮಧ್ಯಮಕ್ಕೆ ಪಕ್ಕದಲ್ಲೇ ಪಂಚಮದ ಆಸರೆಯುಂಟು. ಅಯೋಮಿಯವರದು ಎಲ್ಲಿಗೂ ಸೇರದೆ, ನಿಂತಲ್ಲಿಯೇ ಕಂಪಿಸುತ್ತದೆ. ಮನೆ ಸಿಗದ ಸ್ವರ ಅದು.

ಅಂದಿನ ವಿಮರ್ಶಕರು ಮೂಗು ಮುರಿದರು. ಆದರೆ ಕೇಳುಗರು ಕೈಬಿಡಲಿಲ್ಲ.

ಆಸ್ಟನ್ನಿನಲ್ಲಿಯೇ ವಿಲ್ಲಾ ಪಾರ್ಕ್ ಎಂಬ ಫುಟ್‌ಬಾಲ್ ಮೈದಾನವಿದೆ. ಪಂದ್ಯದ ದಿನಗಳಲ್ಲಿ ಬಾಲಕ ಆಜಿ ಪ್ರೇಕ್ಷಕರ ಕಾರುಗಳನ್ನು ಕಾದು ಪುಡಿಗಾಸು ಸಂಪಾದಿಸುತ್ತಿದ್ದ. 2025ರ ಜುಲೈ 5ರಂದು ಅದೇ ಮೈದಾನದಲ್ಲಿ, ಪಾರ್ಕಿನ್‌ಸನ್ ಬೇನೆಯಿಂದ ಕಾಲು ಸೋತ ಆಸ್‌ಬರ್ನ್ ಕಪ್ಪು ಸಿಂಹಾಸನದಲ್ಲಿ ಕುಳಿತು, ಹಳೆಯ ಮೂವರೊಡನೆ ಕೊನೆಯ ಬಾರಿ ಹಾಡಿದರು. ಜುಲೈ 22ರಂದು ತೀರಿಕೊಂಡರು. 30ರಂದು ಶವವಾಹನ ಬ್ರಾಡ್ ಸ್ಟ್ರೀಟಿನಲ್ಲಿ ಬಂದಾಗ, ಹಿತ್ತಾಳೆ ವಾದ್ಯದವರು ಅವರ ಹಾಡುಗಳನ್ನೇ ನುಡಿಸುತ್ತ ಜೊತೆಗೆ ನಡೆದರು. ಹೂಗಳಿಂದ ಮುಚ್ಚಿಹೋಗಿದ್ದ ಆ ಸೇತುವೆಯ ಬಳಿ ವಾಹನ ತುಸು ಹೊತ್ತು ನಿಂತಿತು.